ಸ್ಟಾರ್ಚ್ ತುಂಡರಿಸಿದ ಬಾಯಿ

ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಹೋದದ್ದು ನನ್ನ ಬಾಯಿಂದ. ಚಾಡಿ ಹೇಳಿದೆ ಎಂದಲ್ಲ. ಬಾಯಿಂದ ಎಂದರೆ ಬಾಯಿಂದಲೇ, ಎಂಜಲಿನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ಅದು ೧೯೮೩. ಕಡೂರಿನ ಹೊರಗಿದ್ದ ಮೆಕ್ಕೆಜೋಳದ ಸ್ಟಾರ್ಚ್ ಫ್ಯಾಕ್ಟರಿಯೊಂದರಲ್ಲಿ ನಾನು ಜೂನಿಯರ್ ಕೆಮಿಸ್ಟ್. ತರೀಕೆರೆಯ ಹುಡುಗ, ಎಂ.ಎಸ್ಸಿ. ಹೊಸದು, ಮೀಸೆ ಅದಕ್ಕಿಂತ ಹೊಸದು. ನಿಜವಾಗಿ ನನಗೆ ಬರುತ್ತಿದ್ದ ವಿದ್ಯೆ ಒಂದೇ, ಅನುಕರಣೆ. ಮ್ಯಾನೇಜರ್ ಮೂಗಿನಲ್ಲಿ ಗದರುವುದು, ಜೋಳ ನೆನೆಹಾಕುವ ತೊಟ್ಟಿಗಳ ಮೇಸ್ತ್ರಿ ರುದ್ರಪ್ಪನವರು ಪ್ರತಿ ಮಾತಿಗೂ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ಯಾವುದನ್ನೂ ಬಿಡುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅನುಕರಿಸಿದಾಗ ಮಾತ್ರ ಅಷ್ಟು ನಗು ಬರುತ್ತಿರಲಿಲ್ಲ.

ರುದ್ರಪ್ಪನವರು ಫ್ಯಾಕ್ಟರಿ ಶುರುವಾದಾಗಿನಿಂದ ಇದ್ದವರು, ಅಜ್ಜಂಪುರದಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬರುತ್ತಿದ್ದರು. ತೊಟ್ಟಿಯ ನೀರಿಗೆ ಎಷ್ಟು ಗಂಧಕದ ಅನಿಲ ಬಿಡಬೇಕು, ಕಾವು ಎಷ್ಟಿರಬೇಕು ಎಂಬುದು ಅವರ ಜವಾಬ್ದಾರಿ. ಅದು ಮಿತಿಮೀರಿದರೆ ಸ್ಟಾರ್ಚಿನ ಅಣುಗಳ ಉದ್ದುದ್ದ ಸರಪಳಿಗಳು ತುಂಡಾಗುತ್ತವೆ. ಆ ವರ್ಷ ಬಟ್ಟೆ ಗಿರಣಿಯೊಂದರಿಂದ ದೂರು ಬಂತು: ನಿಮ್ಮ ಸ್ಟಾರ್ಚಿನ ಗಂಜಿ ಹಾಕಿದ ನೂಲು ಮಗ್ಗದಲ್ಲಿ ಕಡಿಯುತ್ತಿದೆ.

ಮ್ಯಾನೇಜರ್ ನನ್ನನ್ನೂ ರುದ್ರಪ್ಪನವರನ್ನೂ ಕರೆಸಿದರು. "ಮಾಲಿಕ್ಯುಲರ್ ವೇಟ್ ತೆಗೀರಿ. ತುಂಡಾಗಿದ್ರೆ ತಪ್ಪು ತೊಟ್ಟೀದು. ಆಮೇಲೆ ಮೇಸ್ತ್ರಿ ಇಲ್ಲಿರಲ್ಲ."

"ಅಳೀಲಿ ಬಿಡಿ ಸಾಮಿ" ಎಂದರು ರುದ್ರಪ್ಪ. "ನಂಗೇನು ಭಯ."

ಆ ಅಳತೆಯ ವಿಧಾನಕ್ಕಿರುವ ಸೈಜ್ ಎಕ್ಸ್‌ಕ್ಲೂಷನ್ ಕ್ರೊಮ್ಯಾಟೊಗ್ರಫಿ ಎಂಬ ಹೆಸರು ಉಸಿರು ಕಟ್ಟಿಸುತ್ತದೆ, ಕೆಲಸ ಸರಳ. ಉದ್ದನೆಯ ಗಾಜಿನ ಕೊಳವೆಯಲ್ಲಿ ಜೆಲ್ಲಿನ ಸಣ್ಣ ಮಣಿಗಳು. ಮಣಿಗಳ ತುಂಬ ಕಣ್ಣಿಗೆ ಕಾಣದ ತೂತುಗಳು. ಮೇಲಿಂದ ಸ್ಟಾರ್ಚ್ ದ್ರಾವಣ ಬಿಟ್ಟರೆ ದೊಡ್ಡ ಅಣುಗಳು ತೂತಿನೊಳಗೆ ಹಿಡಿಸದೆ ನೇರವಾಗಿ ಇಳಿದು ಮೊದಲು ಹೊರಬರುತ್ತವೆ. ಚಿಕ್ಕವು ಸಂತೆಗೆ ಕಳಿಸಿದ ಹುಡುಗರ ಹಾಗೆ ಸಿಕ್ಕ ಸಂದಿಯಲ್ಲೆಲ್ಲ ಇಣುಕಿ ತಡವಾಗಿ ಬರುತ್ತವೆ. ಬಂದದ್ದನ್ನು ಸಾಲಾಗಿ ಟೆಸ್ಟ್‌ಟ್ಯೂಬುಗಳಲ್ಲಿ ಹಿಡಿದು, ಅಣುತೂಕ ಮೊದಲೇ ಗೊತ್ತಿರುವ ಡೆಕ್ಸ್‌ಟ್ರಾನ್ ಎಂಬ ಪದಾರ್ಥ ಯಾವ ಟ್ಯೂಬಿನಲ್ಲಿ ಬಂದಿತ್ತೋ ಅದಕ್ಕೆ ಹೋಲಿಸಿದರೆ ಅಣುತೂಕದ ಅಂದಾಜು ಸಿಗುತ್ತದೆ.

ಆಗ ನಾವು ದ್ರಾವಣವನ್ನು ಪಿಪೆಟ್ಟಿಗೆ, ಅಂದರೆ ಅಳತೆಯ ಗಾಜಿನ ನಳಿಗೆಗೆ, ಬಾಯಿಂದಲೇ ಎಳೆಯುತ್ತಿದ್ದೆವು. ಸ್ಟಾರ್ಚನ್ನು ನೀರಿನಲ್ಲಿ ಕುದಿಸಿ ಆರಿಸಿದ್ದೆ. ಒಂದು ಸಲ ಎಳೆಯುವುದು, ಪಿಪೆಟ್ ತೆಗೆದು ಮ್ಯಾನೇಜರ್ ದನಿಯಲ್ಲಿ "ತಪ್ಪು ತೊಟ್ಟೀದು" ಎನ್ನುವುದು, ಜೊತೆಯ ಕೆಮಿಸ್ಟ್ ಗಿರಿಜಾ ನಕ್ಕರೆ ಅದೇ ಒದ್ದೆ ಬಾಯಲ್ಲಿ ಮತ್ತೆ ಕಚ್ಚುವುದು. ದ್ರಾವಣವನ್ನು ಬೆಳಗಿನತನಕ ಮೇಜಿನ ಮೇಲೇ ಬಿಟ್ಟೆ.

ಮರುದಿನ ಮೊದಲ ಟ್ಯೂಬುಗಳೆಲ್ಲ ಖಾಲಿ. ಸ್ಟಾರ್ಚ್ ಬಂದದ್ದು ಕೊನೆಕೊನೆಗೆ. ಲಕ್ಷಗಳಲ್ಲಿರಬೇಕಾದ ಅಣುತೂಕ ಸಾವಿರಗಳಿಗೆ ಇಳಿದಿತ್ತು. ವರದಿ ಬರೆದುಕೊಟ್ಟೆ. ಮ್ಯಾನೇಜರ್ ಅದನ್ನು ಎಲ್ಲರ ಮುಂದೆ ಓದಿದರು. ಕೋಣೆಯಲ್ಲಿ ಸೂಪರ್‌ವೈಸರುಗಳಿದ್ದರು, ಗಿರಿಜಾ ಇದ್ದಳು, ನಾನಿದ್ದೆ. ರುದ್ರಪ್ಪನವರು ಒಬ್ಬೊಬ್ಬರ ಮುಖ ನೋಡಿದರು. "ಸರಿ ಹಂಗಾದ್ರೆ" ಎಂದು ಹೊರಟುಹೋದರು. ಆ ಸಂಜೆ ಕ್ಯಾಂಟೀನಿನಲ್ಲಿ ಅಭ್ಯಾಸಬಲದಿಂದ ಅವರ ಹಾಗೆ ಗಂಟಲು ಸರಿಮಾಡಿಕೊಂಡೆ. ಯಾರೂ ನಗಲಿಲ್ಲ.

ಹೊಸ ಮೇಸ್ತ್ರಿ ಬಂದ ಮೇಲಿನ ಸ್ಟಾರ್ಚೂ ನನ್ನ ಕೈಯಲ್ಲಿ ತುಂಡು ತುಂಡಾಗಿಯೇ ಬಂತು. ಅನುಮಾನವಾಗಿ, ಪೇಟೆಯಿಂದ ತರಿಸಿದ ಶುದ್ಧ ಸ್ಟಾರ್ಚಿನ ಬಾಟಲಿ ಬಿಚ್ಚಿ ಅದನ್ನೂ ಕೊಳವೆಗೆ ಬಿಟ್ಟೆ. ಅದೂ ತುಂಡು. ಅದು ಯಾವ ತೊಟ್ಟಿಯನ್ನೂ ಕಂಡದ್ದಲ್ಲ. ಮೂರಕ್ಕೂ ತಗುಲಿದ್ದು ನಾನೊಬ್ಬನೇ. ಅನ್ನ ಅಗಿಯುತ್ತಿದ್ದರೆ ಸಿಹಿಯಾಗುವುದು ಎಂಜಲು ಸ್ಟಾರ್ಚನ್ನು ಒಡೆಯುವುದರಿಂದ ಎಂದು ಹೈಸ್ಕೂಲಿನಲ್ಲೇ ಕಲಿತಿದ್ದೆ. ಪಿಪೆಟ್ಟಿಗೆ ರಬ್ಬರ್ ಬಲ್ಬ್ ಸಿಕ್ಕಿಸಿ, ತೆಗೆದಿಟ್ಟಿದ್ದ ರುದ್ರಪ್ಪನವರ ಕಾಲದ ಒಣ ಸ್ಯಾಂಪಲ್ಲನ್ನು ಹೊಸದಾಗಿ ಕುದಿಸಿ, ತುಟಿ ಬಿಚ್ಚದೆ ಮತ್ತೆ ಅಳೆದೆ. ಮೊದಲ ಟ್ಯೂಬುಗಳಲ್ಲೇ ಬಂದುಬಿಟ್ಟಿತು.

"ನಿಮ್ಮ ಬಾಯಿಗೆ ಒಂದು ಫ್ಯಾಕ್ಟರೀನೇ ಜೀರ್ಣ ಆಗ್ತದೆ ಕಣ್ರೀ" ಎಂದಳು ಗಿರಿಜಾ. ಆದರೆ ಅವಳ ಮುಖದಲ್ಲಿ ನಗುವಿರಲಿಲ್ಲ.

ಗಿರಣಿಯವರೇ ಗಂಜಿಯನ್ನು ವಿಪರೀತ ಕುದಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಎದುರಿಗಿರುವ ಸ್ಯಾಂಪಲ್ಲನ್ನು ಅನುಮಾನಿಸುವ ಮುಂಚೆ ಅಳೆಯುವವನು ತನ್ನನ್ನು ಅನುಮಾನಿಸಬೇಕು, ಇಷ್ಟೇ ಪಾಠ ಎಂದುಕೊಂಡೆ. ಮ್ಯಾನೇಜರ್ "ಹೋಗಿ ಕರ್ಕೊಂಡ್ ಬನ್ನಿ" ಎಂದರು. ಅಜ್ಜಂಪುರಕ್ಕೆ ಹೋದೆ.

ರುದ್ರಪ್ಪನವರು ಹಿಟ್ಟಿನ ಗಿರಣಿಯೊಂದರಲ್ಲಿ ರಾಗಿ ಬೀಸುತ್ತಿದ್ದರು, ಹುಬ್ಬೆಲ್ಲ ಬೆಳ್ಳಗೆ. ಎಂಜಲಿನ ವಿಷಯ, ಬಲ್ಬಿನ ವಿಷಯ ಎಲ್ಲ ಹೇಳಿದೆ. ಕೊಳವೆ ತಪ್ಪು ಹೇಳಿದ್ದು ನನ್ನಿಂದ, ದಯವಿಟ್ಟು ಬನ್ನಿ ಎಂದೆ. ಅವರು ಮಿಷನ್ ನಿಲ್ಲಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಆ ಕೊಳವೆಗೆ ನನ್ನ ಗುರುತಿರ್ಲಿಲ್ಲ, ತಪ್ಪು ಹೇಳ್ತು. ನಿಮ್ಗೆಲ್ಲಾ ಇತ್ತಲ್ಲಪ್ಪಾ."