ಕರಿ ಸೂರ್ಯನ ಕೆಳಗೆ ಎರಡು ಬಕೆಟ್ ನೀರು

ಗಜೇಂದ್ರಗಡದಲ್ಲಿ ನಾನು, ನಮ್ಮಜ್ಜಿ ಆಯಿ ಬಸ್ಸು ಹತ್ತಿದೆವು. ೧೯೫೫ರ ಜೂನ್. ಸಿಲೋನ್ ಕಡೆ ಪೂರ್ಣ ಸೂರ್ಯಗ್ರಹಣ. ಅದನ್ನು ನೋಡುವವರಿಗೆಂದೇ ಮುಂಬಯಿಯಿಂದ ಹೊರಡುವ ಹಡಗಿನಲ್ಲಿ ಸೋದರಮಾವ ಎರಡು ಟಿಕೀಟು ತೆಗೆಸಿದ್ದ. ನನಗೆ ನೋಡುವ ಹುಚ್ಚು. ಆಯಿಗೆ ನೋಡುವುದು ಬೇಡವೇ ಬೇಡ. ಗ್ರಹಣ ಹಿಡಿದಾಗ ಸಮುದ್ರದಲ್ಲಿ ಎರಡು ಮುಳುಗು ಹಾಕಬೇಕು: ಒಂದು ತನ್ನದು, ಇನ್ನೊಂದು ಆ ಆಸೆ ಇಟ್ಟುಕೊಂಡೇ ತೀರಿಹೋದ ಅಜ್ಜನದು.

"ಹಡಗದಾಗಿಂದ ನೀರಿಗೆ ಇಳ್ಯಾಕ ಬರತೈತೇನೋ?" ಅಬ್ಬಿಗೇರಿ ದಾಟುವಾಗ ಕೇಳಿದಳು.

"ಹೊಂಡದ ಗತೆ ಪಾವಟಿಗಿ ಇರತಾವ ಆಯಿ." ಹೊಂಡಕ್ಕಿಂತ ದೊಡ್ಡ ನೀರನ್ನು ನಾನು ಕಂಡೇ ಇರಲಿಲ್ಲ.

ರೋಣ ದಾಟಿ ರೈಲು, ಆಮೇಲೆ ಮುಂಬಯಿ. ನಮ್ಮೂರ ಗುಡ್ಡವನ್ನೇ ನೀರಿಗೆ ಇಳಿಸಿದಂತಿತ್ತು ಹಡಗು. ಮೆಟ್ಟಿಲುಗಳೇನೋ ಇದ್ದವು, ಎಲ್ಲ ಮೇಲಕ್ಕೆ.

ಮಳೆಗಾಲದ ಕಡಲು. ಕಟ್ಟಿಕೊಂಡು ಹೋದ ಕಟಿರೊಟ್ಟಿ, ಶೇಂಗಾ ಚಟ್ನಿ ತಿಂದವನು ನಾನು, ದಕ್ಕಿದ್ದು ಮೀನುಗಳಿಗೆ. ಆಯಿ ಗಟ್ಟಿ. ನನ್ನ ಹಣೆ ಹಿಡಿದುಕೊಂಡೇ, "ಪಾವಟಿಗಿ ಎಲ್ಲದಾವೋ?" ಅಂದಳು.

"ಗ್ರಹಣದ ದಿನ ಇಳಿಬಿಡತಾರ ಆಯಿ!" ವಾಂತಿಯ ನಡುವೆಯೂ ನನ್ನ ಸುಳ್ಳಿಗೆ ಬಿಡುವಿತ್ತು.

ಗ್ರಹಣದ ಬೆಳಿಗ್ಗೆ ಹಡಗು ನಡುಗಡಲಲ್ಲೇ ನಿಂತಿತು. ಆಯಿ ಸೀರೆ ಎತ್ತಿ ಕಟ್ಟಿ ಕಂಬಿಯ ಹತ್ತಿರ ಬಂದು ಕೆಳಗೆ ನೋಡಿದಳು. ನೀರು ಪಾತಾಳದಲ್ಲಿತ್ತು. ಬೈಯಲಿಲ್ಲ. "ಹೋಗ್ಲಿ ಬಿಡೋ. ನಿಮ್ಮಜ್ಜನ ನಸೀಬದಾಗಿಲ್ಲ" ಅಂದಳಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಓಡಿಹೋಗಿ ಬಕೆಟ್, ಹಗ್ಗ ಬೇಡಿ ತಂದೆ. ನನ್ನ ಗಂಟಿನ ಕೌಶಲ್ಯಕ್ಕೆ ಮೊದಲ ಬಕೆಟ್ ಸಮುದ್ರದ ಪಾಲಾಯಿತು. ಹಡಗಿನ ಖಲಾಸಿಯೊಬ್ಬ ನಗುತ್ತ ಇನ್ನೊಂದು ಕಟ್ಟಿಕೊಟ್ಟ. ಸೇದಿ ಆಯಿಯ ತಲೆಗೆ ಸುರಿದೆ. ಮತ್ತೆ ತುಂಬಿ ಮೇಲೆಳೆಯುವಷ್ಟರಲ್ಲಿ ಕತ್ತಲು ಬಿತ್ತು, ಜನ ಹೋ ಎಂದರು. ನಾನು ತಲೆ ಎತ್ತಬೇಕು, ಅಷ್ಟರಲ್ಲಿ ಆಯಿ ಬಕೆಟ್ ಕಸಿದಳು.

"ಇದು ನಿಮ್ಮಜ್ಜಂದು. ಮೊಮ್ಮಗನ ನೆತ್ತಿಗೇ ಬೀಳಬೇಕು!"

ತೆರೆದ ಕಣ್ಣಿಗೆ ಉಪ್ಪುನೀರು! ಉರಿಗೆ ಕುಣಿದಾಡಿದೆ. ಕಣ್ಣು ಬಿಟ್ಟಾಗ ಬಿಸಿಲು ಮರಳಿತ್ತು. ಒದ್ದೆ ಸೀರೆಯಲ್ಲಿ ಆಯಿ ಬೆರಗಾಗಿ ನಿಂತಿದ್ದಳು.

"ನೋಡಿದೇನ ಆಯಿ?"

"ಹುಚ್ಚಪ್ಯಾಲಿ, ಗ್ರಹಣ ನೋಡತಾರೇನ?"

ಊರಿಗೆ ಮರಳಿದಾಗ ಬಸ್ಸಿನ ಸುತ್ತ ಗೆಳೆಯರು ಮುತ್ತಿದರು. "ಹ್ಯಾಂಗಿತ್ತೋ?"

ಕಾಣದವನಿಗೆ ಧೈರ್ಯ ಹೆಚ್ಚು. "ಸೂರ್ಯಗ ಒಂಬತ್ತು ಬೆಂಕಿ ಹಾವು ಸುತ್ತಿದ್ದುವು!"

"ಹಾವ ಎಲ್ಲಿದ್ದುವೋ ಸುಳ್ಳಬುರುಕ!" ಹಿಂದಿನಿಂದ ಆಯಿ ಗದರಿದಳು. "ಕರೇ ಹಂಚಿಗೆ ಬೆಳ್ಳಿ ಜರಿ ಹಚ್ಚಿದ್ಹಂಗ ಇತ್ತು. ಎಷ್ಟ ಚಂದ..."

ಅಷ್ಟಕ್ಕೇ ತಡೆದು, ಸೆರಗನ್ನು ಬಾಯಿಗೆ ಒತ್ತಿಕೊಂಡಳು.