ಐದು ಮಡಿಕೆಯ ಲಂಗ

ದರ್ಜಿಯ ಎಡ ಶ್ವಾಸಕೋಶದ ಅರ್ಧವನ್ನು ಕ್ಯಾನ್ಸರ್ ಗಡ್ಡೆಯ ಸಮೇತ ತೆಗೆದುಹಾಕಿ ಮೂರು ತಿಂಗಳಾಗಿತ್ತು. ಇನ್ನೆಷ್ಟು ಕಾಲ ಎಂದು ಅವನ ಹೆಂಡತಿ ಆ ಬೆಳಿಗ್ಗೆ ಡಾಕ್ಟರನ್ನೇ ಕೇಳಿಬಿಟ್ಟಳು.

“ಇವರ ಥರ ಆಪರೇಷನ್ ಆದ ಹತ್ತು ಜನರಲ್ಲಿ ಆರು ಜನ ಐದು ವರ್ಷ ದಾಟ್ತಾರಮ್ಮ.”

“ಇವರು ಆ ಆರರಲ್ಲಿ ಇದ್ದಾರಾ?”

ಡಾಕ್ಟರು ಫೈಲನ್ನು ಮತ್ತೊಮ್ಮೆ ತಿರುವಿಹಾಕಿದರು. “ಅದು ನನಗೂ ಗೊತ್ತಿಲ್ಲಮ್ಮ.”

ಮನೆಗೆ ಬಂದವನೇ ದರ್ಜಿ ಮೊಮ್ಮಗಳ ಶಾಲೆಯ ಲಂಗ ಹೊಲಿಯಲು ಕುಳಿತ. ಬೆಳೆಯುವ ಮಕ್ಕಳ ಲಂಗದ ಅಂಚಿಗೆ ಅವನು ಯಾವಾಗಲೂ ಒಂದು ಮಡಿಕೆ ಕೊಡುತ್ತಿದ್ದ. ಮರುವರ್ಷ ಅದನ್ನು ಬಿಚ್ಚಿದರೆ ಲಂಗ ಉದ್ದವಾಗುತ್ತಿತ್ತು. ಅಂದು ಒಂದರ ಮೇಲೊಂದು ಐದು ಮಡಿಕೆ ಹಾಕಿದ.

“ತಾತಾ, ಇದು ಲಂಗಾನಾ, ಹಾಸಿಗೆನಾ?” ಎಂದಳು ಮೊಮ್ಮಗಳು. ಅವನು ನಗಲು ಹೋಗಿ, ಉಸಿರು ಸಾಲದೆ ಮಿಷನ್ನಿನ ಮೇಲೆ ಕೈಯೂರಿದ.

ಹುಡುಗಿ ಆಟಕ್ಕೆ ಓಡಿದ ಮೇಲೆ ಹೆಂಡತಿಯನ್ನು ಕರೆದ.

“ಬಾರೇ ಇಲ್ಲಿ. ನಿನ್ನ ಕಣ್ಣಿಗೆ ಕಾಣ್ಲಿ ಅಂತ ಕೆಂಪು ದಾರ ಹಾಕಿದೀನಿ. ವರ್ಷಕ್ಕೊಂದು ಬಿಚ್ಚು. ಬಟ್ಟೆ ಕತ್ತರಿಸಿಬಿಟ್ಟೀಯ, ನಿನ್ನ ಕೈ ಮೊದಲೇ ಒರಟು.”

“ನಾನ್ಯಾಕೆ? ನೀವೇ ಬಿಚ್ಚಿ” ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ನಲವತ್ತು ವರ್ಷ ಅವನ ಒಂದು ಮಾತಿಗೆ ಹತ್ತು ಮಾತು ಆಡಿದವಳು. ಆದರೆ ಡಾಕ್ಟರಿಗೇ ಗೊತ್ತಿಲ್ಲದ್ದನ್ನು ತಾನು ಯಾವ ಬಾಯಲ್ಲಿ ಹೇಳುವುದು? ಅವನು ಕತ್ತರಿ ಚಾಚಿಕೊಂಡು ಕಾಯುತ್ತಿದ್ದ.

ಅವಳು ಪಕ್ಕದಲ್ಲಿ ಕುಳಿತು, ಕತ್ತರಿ ತೆಗೆದುಕೊಂಡು, “ಎಲ್ಲಿಂದ ಬಿಚ್ಚಬೇಕು, ತೋರಿಸಿ” ಎಂದಳು.