ಅಮದಳ್ಳಿಯಿಂದ ಬಂದ ಬರಿ ಮಂಚ

ಅಂಕೋಲೆಯ ಸೇವಾ ಬಳಗಕ್ಕೆ ವರ್ಷಕ್ಕೊಬ್ಬ ಅಧ್ಯಕ್ಷರು ಬರುತ್ತಾರೆ, ಹೋಗುತ್ತಾರೆ. ಮೂವತ್ತು ವರ್ಷದಿಂದ ಬದಲಾಗದೆ ಉಳಿದವನು ಅಗಸೂರಿನ ಬೊಮ್ಮಯ್ಯ ಗೌಡ ಒಬ್ಬನೇ. ಅವನಿಗೆ ಹುದ್ದೆಯೂ ಇಲ್ಲ, ಎದೆಗೆ ಬಿಲ್ಲೆಯೂ ಇಲ್ಲ. ಇರುವುದು ಸಾಮಾನಿನ ಕೋಣೆಯ ಬೀಗದ ಕೈ. ವಾರ್ಷಿಕೋತ್ಸವದ ಫೋಟೋಗಳಲ್ಲಿ ಹುಡುಕಿದರೂ ಅವನು ಸಿಗುವುದಿಲ್ಲ. ಫೋಟೋ ತೆಗೆಯುವ ಹೊತ್ತಿಗೆ ಅವನು ಕುರ್ಚಿ ಮಡಚುತ್ತಲೋ ಯಾರದೋ ಅಂಗಳದಲ್ಲಿ ಮಂಚ ಇಳಿಸುತ್ತಲೋ ಇರುತ್ತಾನೆ.

ಬಳಗ ಹುಟ್ಟಿದ್ದೇ ಒಂದು ಮಂಚದಿಂದ. ಕಾರವಾರದ ಆಸ್ಪತ್ರೆಯಿಂದ ಮನೆಗೆ ಕಳಿಸಿದ ರೋಗಿಗಳು ನೆಲದ ಮೇಲೆ ಚಾಪೆಯಲ್ಲಿ ನರಳುವುದನ್ನು ನೋಡಲಾರದೆ, ಶಾಲೆಯ ಮಧುಕರ ಮಾಸ್ತರರು ಏಳು ಜನರನ್ನು ಕೂಡಿಸಿ ಒಂದು ಹಳೆಯ ಕಬ್ಬಿಣದ ಮಂಚ ತಂದರು. ಹಿಡಿ ತಿರುಗಿಸಿದರೆ ತಲೆಯ ಕಡೆ ಮೇಲೇಳುವ ಮಂಚ. ಅದನ್ನು ಲಾರಿಯಿಂದ ಇಳಿಸಲು ಅವರಲ್ಲಿ ಯಾರಿಗೂ ಆಗಲಿಲ್ಲ. ಪೇಟೆಗೆ ತರಕಾರಿ ಮಾರಲು ಬಂದಿದ್ದ ಬೊಮ್ಮಯ್ಯ ಬುಟ್ಟಿ ಬದಿಗಿಟ್ಟು ಹೆಗಲು ಕೊಟ್ಟ. ಅವತ್ತು ಕೊಟ್ಟ ಹೆಗಲನ್ನು ಅವನು ಇವತ್ತಿಗೂ ತೆಗೆದಿಲ್ಲ.

ನಿಯಮವನ್ನು ಮಾಸ್ತರರೇ ಬರೆದರು: ಮೊದಲು ಕೇಳಿದವರಿಗೆ ಮೊದಲು, ಬಡವ ಬಲ್ಲಿದ ಭೇದವಿಲ್ಲ. ಬರೆಯದೇ ಬೆಳೆದ ಪದ್ಧತಿ ಇನ್ನೊಂದಿತ್ತು. ರೋಗಿ ಗುಣವಾದರೆ ಮನೆಯವರು ಹಾಸಿಗೆ ಸುತ್ತಿ ಕಟ್ಟಿ, ಮೇಲೊಂದು ತೆಂಗಿನಕಾಯಿ ಇಟ್ಟು ಮಂಚ ವಾಪಸು ಕಳಿಸುತ್ತಾರೆ. ತೀರಿಕೊಂಡರೆ ಹಾಸಿಗೆ ಸುಟ್ಟುಬಿಡುತ್ತಾರೆ. ಬರಿ ಕಬ್ಬಿಣ ಬರುತ್ತದೆ. ಬಂದದ್ದನ್ನು ನೋಡಿ ತಿಳಿದುಕೊಳ್ಳಬೇಕೇ ಹೊರತು ಬಾಯಿ ಬಿಟ್ಟು ಕೇಳುವಂತಿಲ್ಲ. ಮೂವತ್ತು ವರ್ಷದಲ್ಲಿ ಬೊಮ್ಮಯ್ಯ ಒಮ್ಮೆಯೂ ತಪ್ಪು ತಿಳಿದುಕೊಂಡವನಲ್ಲ.

ಒಂಬತ್ತು ವರ್ಷದ ಹಿಂದೆ ಬಳಗದಲ್ಲಿ ಎರಡೇ ಮಂಚಗಳಿದ್ದವು. ಒಂದು ಹೊರಗೆ ಹೋಗಿತ್ತು. ಇನ್ನೊಂದನ್ನು ಹಾರವಾಡದ ಮೀನುಗಾರರ ಮನೆಯ ಕಾಶಿಗೆ ಒಯ್ಯುವುದೆಂದು ಬೆಳಿಗ್ಗೆಯೇ ಗೊತ್ತಾಗಿತ್ತು. ಎಳೆಯ ಹೆಂಗಸು, ಬಿದ್ದು ಸೊಂಟ ಮುರಿದುಕೊಂಡಿದ್ದಳು. ಮಧ್ಯಾಹ್ನ ಮಾಸ್ತರರೇ ಓಡಿ ಬಂದರು. ಅವರ ಆಯಿಗೆ, ವಯಸ್ಸಾದ ತಾಯಿಗೆ, ತೀರ ಕಷ್ಟವಾಗಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೊಮ್ಮಯ್ಯನಿಗೆ ಅವರ ಮುಖ ನೋಡಲಾಗಲಿಲ್ಲ. ಆದರೂ, "ಕಾಶಿ ಮೊದ್ಲ್ ಕೇಳಾಳೆ ಮಾಸ್ತರ್ರೇ," ಎಂದ. "ಮಂಚ ನಿನ್ನ ಅಪ್ಪಂದನಾ?" ಎಂದು ಮಾಸ್ತರರು ಎಲ್ಲರೆದುರು ಕೂಗಿದರು. ಮಂಚ ಹಾರವಾಡಕ್ಕೇ ಹೋಯಿತು. ಆರನೆಯ ದಿನ ಆಯಿ ಚಾಪೆಯ ಮೇಲೆಯೇ ತೀರಿಕೊಂಡರು. ಮಾಸ್ತರರು ಬಳಗ ಬಿಟ್ಟು ಅಮದಳ್ಳಿಯ ತಮ್ಮ ಮನೆಗೆ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಬೊಮ್ಮಯ್ಯ ಮಾಡಿದ್ದು ತಪ್ಪೆಂದು ಯಾರೂ ಹೇಳಲಿಲ್ಲ. ಅವನಿಗೆ ಅವನೇ ಹೇಳಿಕೊಂಡ, ಒಂಬತ್ತು ವರ್ಷ. ಆ ಮುದುಕಿ ಸಾಯುವಾಗ ತನ್ನನ್ನು ಶಪಿಸಿರಬೇಕು ಎಂಬುದು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಹೋಗಿ ಕೇಳುವ ಧೈರ್ಯವಿರಲಿಲ್ಲ.

ಈ ಸಲ ಮಳೆಗಾಲದ ಕೊನೆಯಲ್ಲಿ ಮಾಸ್ತರರೇ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡರು. ಮಂಚ ಬೇಕೆಂದು ಕಾರ್ಯದರ್ಶಿ ಜಗದೀಶನಿಗೆ ಹೇಳಿ ಕಳಿಸಿದರು. ಇದ್ದುದರಲ್ಲಿ ಒಳ್ಳೆಯ ಮಂಚ ಆರಿಸಿ, ಹಿಡಿಗೆ ಎಣ್ಣೆ ಬಿಟ್ಟು, ಬೊಮ್ಮಯ್ಯ ಟೆಂಪೋ ಹತ್ತಿಸಿದ. ತಾನು ಹತ್ತಲಿಲ್ಲ. ಬರುವ ಭಾನುವಾರ ಹೋಗಿ ಮಾತಾಡಿಸುತ್ತೇನೆ ಎಂದುಕೊಂಡ. ಮೂರು ಭಾನುವಾರ ಹಾಗೆಯೇ ಕಳೆದವು.

ನಾಲ್ಕನೆಯ ವಾರ ಬೆಳಿಗ್ಗೆ ಅವನು ಬರುವಷ್ಟರಲ್ಲಿ ಟೆಂಪೋದವನು ಮಂಚ ಬಾಗಿಲೆದುರು ಇಳಿಸಿ ಹೋಗಿಯಾಗಿತ್ತು. ತೊಳೆದ ಮಂಚ, ಬರಿ ಕಬ್ಬಿಣ. ಹಾಸಿಗೆಯಿಲ್ಲ, ಕಾಯಿಯಿಲ್ಲ. ಬೊಮ್ಮಯ್ಯ ಅದರ ಪಕ್ಕ ನೆಲದಲ್ಲೇ ಕೂತು, ದೊಡ್ಡ ದನಿಯಲ್ಲಿ ಅತ್ತ.

ಜಗದೀಶ ತನ್ನ ಔಷಧಿ ಅಂಗಡಿಯಿಂದ ಓಡಿ ಬಂದು ನೋಡಿದ, ಅವನಿಗೂ ಅರ್ಥವಾಯಿತು. ಹತ್ತೇ ನಿಮಿಷದಲ್ಲಿ ಬಳಗದ ವಾಟ್ಸಾಪಿನಲ್ಲಿ ಮಾಸ್ತರರ ಹಳೆಯ ಫೋಟೋ, ಕೆಳಗೆ ನಲವತ್ತು ಜನರ ಕೈಮುಗಿತ. ಮಾಸ್ತರರು ಬಳಗ ಬಿಟ್ಟವರಲ್ಲವೇ, ತಮ್ಮ ಸಾವಿನ ಸುದ್ದಿ ಅವರ ಕಣ್ಣಿಗೆ ಬೀಳಲಿಲ್ಲ. ಹೂವಿನಂಗಡಿಯವನು ಹಾರ ಕಟ್ಟುವಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಬಳಿ ನಾಲ್ಕು ಜನ ಒಂದು ನಿಮಿಷ ಮೌನವನ್ನೂ ಆಚರಿಸಿಬಿಟ್ಟರು. ಒಂದು ಫೋನ್ ಮಾಡಬಾರದಿತ್ತೇ ಎಂದು ನೀವು ಕೇಳಬಹುದು. ಸತ್ತ ಮನೆಗೆ ಫೋನ್ ಮಾಡಿ 'ಸತ್ತದ್ದು ಹೌದಾ' ಎಂದು ಯಾರಾದರೂ ಕೇಳುತ್ತಾರೆಯೇ?

ಜಗದೀಶನ ಸ್ಕೂಟರಿನ ಹಿಂದೆ ಹಾರದ ಪೊಟ್ಟಣ ಹಿಡಿದು ಬೊಮ್ಮಯ್ಯ ಕೂತ. ಕೇಳಬೇಕಾದದ್ದನ್ನು ಇನ್ನು ಯಾರ ಹತ್ತಿರ ಕೇಳುವುದು?

ಅಮದಳ್ಳಿಯ ಮನೆಯೆದುರು ಜನರಿರಲಿಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು, ಸೊಂಟಕ್ಕೆ ಪಟ್ಟಿ ಬಿಗಿದು, ಮಧುಕರ ಮಾಸ್ತರರು ಗಂಜಿ ಉಣ್ಣುತ್ತಿದ್ದರು.

ಜಗದೀಶ ಸ್ಕೂಟರ್ ಸಮೇತ ಬೇಲಿಗೆ ಒರಗಿದ. ಬೊಮ್ಮಯ್ಯನ ಕೈಯಿಂದ ಪೊಟ್ಟಣ ಜಾರಿ ಹಾರ ಹೊರಬಿತ್ತು.

"ಹೌದ್ರಾ, ಬೊಮ್ಮಯ್ಯ ಬಂದಾನೆ ನೋಡಿ!" ಎಂದು ಮಾಸ್ತರರ ಹೆಂಡತಿ ಗೋದಾವರಿ ಒಳಗಿನಿಂದ ಬಂದವರು ಹಾರ ಕಂಡು ಅಲ್ಲೇ ನಿಂತರು. "ಇದ್ಯಾರಿಗೆ?"

"ಹಾಸ್ಗೆ ಬರ್ಲಿಲ್ಲಾಗಿತ್ತು..." ಬೊಮ್ಮಯ್ಯ ಹಾರವನ್ನು ಪೊಟ್ಟಣಕ್ಕೆ ತುರುಕತೊಡಗಿದ.

ಮಾಸ್ತರರು ಒಂದು ಕ್ಷಣ ಕಣ್ಣು ಪಿಳಿಪಿಳಿ ಮಾಡಿದರು. ಆಮೇಲೆ ನಕ್ಕರೋ ನಕ್ಕರು, ಬೆನ್ನು ಹಿಡಿದುಕೊಂಡು ನಕ್ಕರು. "ಅಯ್ಯೋ ಮಾರಾಯಾ! ನಿಮ್ಮ ಹಾಸ್ಗೆ ಹತ್ತಿ ಎಲ್ಲಾ ಗಂಟು ಗಂಟು. ಬಿಚ್ಚಿ ಹೊಸ ಹತ್ತಿ ತುಂಬ್ಸಿ ಕೊಡುವಾ ಅಂತ ಕಾರವಾರಕ್ಕೆ ಕಳ್ಸಿದ್ದೆ. ಮಂಚ ಮತ್ಯಾರಿಗಾರೂ ಬೇಕಾಗ್ತದೆ ಅಂತ ಮೊದ್ಲು ಬಿಟ್ಟೆ. ಪದ್ಧತಿ ಮರ್ತೇ ಹೋಯ್ತು ನೋಡು!"

ಬೊಮ್ಮಯ್ಯ ಜಗಲಿ ಹತ್ತಿ ಅವರ ಕೈ ಹಿಡಿದುಕೊಂಡ. ಬೆಚ್ಚಗಿತ್ತು. ಅವನಿಗೆ ಇನ್ನು ಭಾನುವಾರಕ್ಕೆ ಕಾಯಬಾರದೆಂದು ಅನ್ನಿಸಿತು.

"ಮಾಸ್ತರ್ರೇ, ಆಯಿ ಹೋಗುವಾಗ ನಂಗೆ ಬೈದ್ರಾ?"

ಮಾಸ್ತರರ ನಗು ನಿಂತಿತು. ಗಂಜಿಯ ಬಟ್ಟಲನ್ನು ಬದಿಗಿಟ್ಟರು.

"ಮಂಚ ಕಾಶಿಗೆ ಹೋಯ್ತು ಅಂತ ಅವತ್ತೇ ಹೇಳಿದ್ದೆ ಆಯಿಗೆ, ಸಿಟ್ಟಲ್ಲಿ. ಆಯಿ ನಂಗೇ ಬೈದ್ಳು. 'ಅದು ಎಳೇ ಹೆಣ್ಣು, ಎದ್ದು ತಿರ್ಗಾಡ್ಬೇಕು. ನಂದೆಂತ ಉಂಟು? ಬೊಮ್ಮಯ್ಯ ಮಾಡಿದ್ದೇ ಸರಿ. ನಾ ಹೇಳ್ದೆ ಅಂತ ಅವ್ನಿಗೆ ಹೇಳು' ಅಂದ್ಳು." ಮಾಸ್ತರರು ತಲೆ ತಗ್ಗಿಸಿದರು. "ನಂಗೆ ಸೊಕ್ಕು. ಹೇಳೂಕೆ ಬರ್ಲಿಲ್ಲ. ಆಮೇಲೆ ನಾಚ್ಕೆ."

ಬೊಮ್ಮಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಮಾಸ್ತರರಿಗೆ ಎದುರು ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ. ಆದರೂ ಆಡಿಯೇಬಿಟ್ಟ.

"ಆಯಿ ಹೇಳ್ದ ಮಾತು, ಅದು ನಂದಲ್ವಾ? ನನ್ ಮಾತ್ ನಂಗೆ ಕೊಡೂಕೆ ಒಂಬತ್ ವರ್ಷ ಬೇಕಾಯ್ತಾ ಮಾಸ್ತರ್ರೇ ನಿಮ್ಗೆ?"